ಚರ್ಚಿನ ಬಾಗಿಲಲ್ಲಿ ನಿಂತ ಸೇಂದಿಯವಳು

ಮೊನ್ನೆ ಸೊಸೆ ಇಡ್ಲಿ ಹಿಟ್ಟು ರುಬ್ಬಿಟ್ಟು ಮರೆತಳು. ಬಿಸಿಲಿಗೆ ಅದು ಉಕ್ಕಿ ಹರಿದು ಅಡುಗೆಮನೆ ತುಂಬ ಹುಳಿ ವಾಸನೆ. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ತವರೂರು ವಾಡಿ ಜಂಕ್ಷನ್ನಿನ ಸೇಂದಿ ಅಂಗಡಿ ನೆನಪಾಯಿತು. ಅದನ್ನು ನಡೆಸುತ್ತಿದ್ದ ಹೆಂಗಸೂ ನೆನಪಾದಳು.

ನಿಜಾಮರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿರಬೇಕು. ಸೇಂದಿ ಅಂದರೆ ಈಚಲು ಮರದ ಹೆಂಡ. ಗಂಡ ಸತ್ತ ಮೇಲೆ ಅವಳೇ ಮಾರುತ್ತಿದ್ದಳು. ನಮ್ಮ ಕ್ರೈಸ್ತರ ಓಣಿಯ ತುದಿಗೇ ಅವಳ ಅಂಗಡಿ. ಬೆಳಿಗ್ಗೆ ಅವಳೂ ನಾನೂ ಬುಟ್ಟಿ ಹಿಡಿದು ರೈಲು ಹಳಿಯ ಪಕ್ಕ ಅರೆಸುಟ್ಟ ಕಲ್ಲಿದ್ದಲು ಆರಿಸಲು ಹೋಗುತ್ತಿದ್ದೆವು. ಅವಳ ಬಾಯಿ ಹೊಲಸು. ಆದರೆ ದೊಡ್ಡ ತುಂಡು ಸಿಕ್ಕರೆ ನನ್ನ ಬುಟ್ಟಿಗೆ ಎಸೆಯುವಳು... ಯಾಕೆ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನನಗೆ ಗಂಡು ಗೊತ್ತಾಯಿತು. ಎಂಜಿನ್ ಶೆಡ್ಡಿನಲ್ಲಿ ಕೆಲಸ, ಭಾನುವಾರ ಚರ್ಚಿನಲ್ಲಿ ಢೋಲಕ್ ಬಾರಿಸುವವನು. ಸಂಬಂಧ ತಂದವಳು ನನ್ನ ಇನ್ನೊಬ್ಬ ಗೆಳತಿ, ಅವನ ಸೋದರತ್ತೆಯ ಮಗಳು. ಅವಳಿಗೆ ಬೈಬಲಿನ ವಚನಗಳೆಲ್ಲ ಬಾಯಿಪಾಠ. ಪಾದ್ರಿಯವರ ಹೆಂಡತಿ ನನ್ನನ್ನು ಕರೆದು ಹೇಳಿದರು:

"ಗೆಳೆತನ ಮಾಡಿದ್ರ ಅಂಥಾಕಿ ಜೋಡಿ ಮಾಡವ್ವ. ಯೇಸುಸ್ವಾಮಿ ಮಗಳಿಗಿ ಹೆಂಡ ಮಾರಾಕಿ ಸಂಗ ಯಾಕ ಬೇಕು?"

ಮಾತು ಸರಿ ಅನಿಸಿತು. ಮರುದಿನದಿಂದ ಹಳಿಯ ಆಚೆ ಬದಿಗೆ ಹೋಗಿ ಕಲ್ಲಿದ್ದಲು ಆರಿಸಿದೆ. ಸೇಂದಿಯವಳು ಎರಡು ಸಲ ಕೂಗಿ ಕರೆದಳು. ಕೇಳಿಸದವಳಂತೆ ಇದ್ದೆ.

ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡು ಹೆಣ್ಣಿನ ಹೆಸರು ಕೂಗುವುದು ನಮ್ಮ ಪದ್ಧತಿ. ಅಡ್ಡಿ ಇದ್ದವರು ಎದ್ದು ಹೇಳಬೇಕು. ಯಾರೂ ಹೇಳುವುದಿಲ್ಲ. ಮೂರನೆಯ ಭಾನುವಾರ ಪಾದ್ರಿಯವರು ಕೇಳುತ್ತಿದ್ದಂತೆ ಬಾಗಿಲ ಕಡೆಯಿಂದ ದನಿ ಬಂತು.

"ನಾ ಹೇಳತೀನ್ರಿ ಸಾಹೇಬ್ರ. ಇಂವಾ ದಿನಾ ನಮ್ಮ ಹಿತ್ತಲ ಬಾಗಲಿಗಿ ಬರ್ತಾನ. ಬರೀ ಕುಡದಿದ್ರ ನಾ ಬಾಯಿ ಬಿಡ್ತಿದ್ದಿಲ್ಲ, ನನಗೇನು, ಗಿರಾಕಿ. ಕುಡದಮ್ಯಾಲ ಕೈ ಮಾಡ್ತಾನ. ಅವರವ್ವನ ಕೈ ಹೆಂಗ ಮುರೀತು, ಕೇಳ್ರಿ."

ಸಭೆಯ ಹಿರಿಯರೊಬ್ಬರು ಎದ್ದರು. "ಸೇಂದಿ ಮಾರಾಕಿ ಮಾತು ಇಲ್ಲಿ ನಡ್ಯಂಗಿಲ್ಲ. ನಡಿ ಹೊರಗ!"

"ಹೊರಗೇ ನಿಂತೀನಲ್ರೆಪ್ಪ. ಹೊಸ್ತಿಲ ಎಲ್ಲಿ ದಾಟೀನಿ?"

ಮುಂದಿನ ಸಾಲಿನಲ್ಲಿ ಹುಡುಗನ ತಾಯಿ ಸೆರಗೆಳೆದು ಕೈಗೆ ಕಟ್ಟಿದ ಪಟ್ಟಿ ಮುಚ್ಚಿಕೊಂಡಳು. ಮೆಟ್ಟಿಲ ಮೇಲಿಂದ ಬಿದ್ದೆ ಅಂತ ಊರಿಗೆಲ್ಲ ಹೇಳಿದ್ದಳು. ನಾನು ಪಕ್ಕದಲ್ಲಿದ್ದ ಗೆಳತಿಯ ಕಡೆ ತಿರುಗಿ ಕೇಳಿದೆ, "ಖರೇ ಏನ?"

ಅವಳು ಹಾಡಿನ ಪುಸ್ತಕದಿಂದ ತಲೆ ಎತ್ತಲಿಲ್ಲ. "ಲಗ್ನ ಆದಮ್ಯಾಲ ಸುಧಾರಸ್ತಾನ. ಸುಮ್ಮ ಕುಂದುರು," ಅಂದಳು.

ಅವಳಿಗೆ ಎಲ್ಲ ಗೊತ್ತಿತ್ತು. ನಾನು ಎದ್ದು ನಿಂತೆ. "ನನಗ ಈ ಲಗ್ನ ಬ್ಯಾಡ್ರಿ," ಅಂದೆ.

ಶೆಡ್ಡಿನ ಹುಡುಗರು ಸೇಂದಿಯವಳ ಗಡಿಗೆಗಳನ್ನೆಲ್ಲ ಒಡೆದರು, ಸೇಂದಿಯ ಗುತ್ತಿಗೆ ಹಿಡಿದಿದ್ದ ಗುತ್ತೇದಾರ ಅವಳಿಂದ ಅಂಗಡಿ ಬಿಡಿಸಿದ. ಹಳಿಯ ಪಕ್ಕ ನಾನಾಗಿ ಅವಳ ಹತ್ತಿರ ಹೋದೆ. ಮುಖ ನೋಡಿದವಳೇ ಬೈದಳು.

"ಈಗ ಬಂದೇನ ಮಾರಾಣಿ? ನನ್ನ ಬಾಜೂಕ ನಿಂತ್ರ ಇನ್ನೊಬ್ಬ ಗಂಡ ಸಿಗಂಗಿಲ್ಲ ನಿನಗ. ನಡಿ, ನಿನ್ನ ಬುಟ್ಟಿ ತುಂಬಕೋ ಹೋಗು."

ಅದೇ ವಾರ ತಾಂಡೂರಿನ ರೈಲು ಹತ್ತಿ ಹೋದಳು. ಹೋದದ್ದು ನನಗೆ ಬೇರೆಯವರಿಂದ ತಿಳಿಯಿತು.

ಅವನಿಗೆ ಚಿತ್ತಾಪುರದ ಕಡೆಯ ಹುಡುಗಿಯೊಬ್ಬಳನ್ನು ತಂದರು. ಅವಳ ಹೆಸರು ಕೂಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಹೇಳಬಹುದಿತ್ತಲ್ಲ ಅಂದರೆ, ಲಗ್ನ ಮುರಿದದ್ದಕ್ಕೆ ಹಿರಿಯರು ನಮ್ಮ ಮನೆಯವರನ್ನು ಆ ತಿಂಗಳು ಚರ್ಚಿಗೇ ಬಿಟ್ಟಿರಲಿಲ್ಲ. ಆ ಹುಡುಗಿಗೆ ಏನಾಯಿತು ಅಂತ ನನಗೆ ಗೊತ್ತು... ಬರೆಯುವುದಿಲ್ಲ.

ಈಗ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಒಳ್ಳೆಯ ಗೆಳೆಯರನ್ನು ಆರಿಸಿಕೊಳ್ಳಿ ಅಂತ ಹೇಳಿಕೊಡುತ್ತಾರೆ. ಹೇಳಿಕೊಡಲಿ. ಹೇಗೆ ಆರಿಸಬೇಕು ಅಂತ ಮೊಮ್ಮಗಳು ಕೇಳಿದರೆ ನಾನು ಕಲ್ಲಿದ್ದಲಿನ ಬುಟ್ಟಿಯ ಮಾತು ತೆಗೆಯುತ್ತೇನೆ. ಸೇಂದಿಯವಳು ನನ್ನನ್ನು ಆರಿಸಿದ್ದಳು, ನಾನು ಅವಳನ್ನಲ್ಲ.

ಸತ್ತವರಿಗಾಗಿ ಪ್ರಾರ್ಥನೆ ಮಾಡುವುದು ನಮ್ಮ ಸಭೆಯಲ್ಲಿಲ್ಲ. ಬದುಕಿದ್ದರೆ ಅವಳಿಗೆ ನೂರು ದಾಟಿರಬೇಕು. ಸತ್ತ ಸುದ್ದಿಯನ್ನು ನನಗೆ ಯಾರೂ ತಂದಿಲ್ಲ, ನಾನೂ ವಿಚಾರಿಸಿಲ್ಲ. ಹಾಗಾಗಿ ರಾತ್ರಿ ಮಲಗುವಾಗಿನ ಪ್ರಾರ್ಥನೆಯಲ್ಲಿ, ಬದುಕಿರುವವರ ಜೊತೆ, ಅವಳ ಹೆಸರನ್ನೂ ಸೇರಿಸುತ್ತೇನೆ.