ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಹೇಳಿಕೆ

ನಾನು ಮದುವೆಯಾಗಿ ಕೆದಂಬಾಡಿಗೆ ಬಂದದ್ದು ಎಪ್ಪತ್ತರ ದಶಕದಲ್ಲಿ. ಮದುವೆಗೆ ಕರೆಯುವುದಕ್ಕೆ ನಮ್ಮ ಕಡೆ ಹೇಳಿಕೆ ಎನ್ನುತ್ತಾರೆ. ಹೇಳಿಕೆ ಹೇಗೆ ಬಂತು ಎನ್ನುವುದರಲ್ಲೇ ಒಬ್ಬರ ತೂಕ ತಿಳಿಯುತ್ತದೆ ಎಂದು ನನಗೆ ಕಲಿಸಿದವರು ನನ್ನ ಮಾವ. ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು, ಕೂತು, ಬೆಲ್ಲ ನೀರು ಕುಡಿದು ಮದುವೆಯ ಕಾಗದ ಕೊಟ್ಟರೆ ಅದು ಮರ್ಯಾದೆ. ಗಂಡ ಒಬ್ಬನೇ ಬಂದರೆ ತುಸು ಕಡಿಮೆ. ಯಾರದೋ ಕೈಯಲ್ಲಿ ಕಳುಹಿಸಿದ ಕಾಗದವನ್ನು ಮಾವ ಬಿಡಿಸಿಯೂ ನೋಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನರಿಮೊಗರಿನಲ್ಲಿದ್ದ ಮಾವನ ಭಾವನ ಮಗಳಿಗೆ ಮದುವೆ ಗೊತ್ತಾಯಿತು. ಮಾವ ಪುತ್ತೂರಿಗೆ ಹೋಗಿದ್ದಾಗ ಆ ಭಾವ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರು. ಚೀಲದಿಂದ ಕಾಗದ ತೆಗೆದು ಕೈಗಿತ್ತು, "ಎಲ್ಲರೂ ಬರ್ಬೇಕು ಭಾವ" ಎಂದವರೇ ಹೊರಟ ಬಸ್ಸಿಗೆ ಹಾರಿದರು.

ಮಾವ ಮನೆಗೆ ಬಂದು ಅಂಗಿ ಬಿಚ್ಚದೆ ಕೂತರು. "ಬಸ್‌ಸ್ಟ್ಯಾಂಡಿನಲ್ಲಿ ಹೇಳ್ಲಿಕ್ಕೆ ನಾನೆಂತ ಕಂಡಕ್ಟರಾ?"

ಅತ್ತೆ ಕಾಗದ ಓದಿದರು. "ಎಲ್ಲರೂ ಬನ್ನಿ ಅಂತ ಉಂಟಲ್ಲ. ನೀವು ಬೇಡದಿದ್ರೆ ಬಿಡಿ, ನಾವು ಹೋಗ್ತೇವೆ."

ಹೋದೆವು. ಊಟದ ಹೊತ್ತಿಗೆ ಆ ಭಾವ ಹುಡುಕಿಕೊಂಡು ಬಂದು ಮಾವ ಎಲ್ಲಿ ಎಂದು ಕೇಳಿದರು. "ಅವರಿಗೆ ಜ್ವರ. ಏಳ್ಲಿಕ್ಕೇ ಆಗುದಿಲ್ಲ" ಎಂದು ಅತ್ತೆ ಎಲೆಯ ಮೇಲಿನ ಹೋಳಿಗೆ ಮುರಿಯುತ್ತಲೇ ಹೇಳಿದರು. ನಾನು ತಲೆ ತಗ್ಗಿಸಿ ಪಾಯಸ ಕುಡಿದೆ.

ಮದುವೆ ಕಳೆದ ಮೇಲೆ ಒಂದು ಮಧ್ಯಾಹ್ನ ಮಾವ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಗುಡ್ಡದ ದಾರಿಯಲ್ಲಿ ಆ ಭಾವ ಮತ್ತು ಅವರ ಹೆಂಡತಿ ಇಳಿದು ಬರುವುದು ಅತ್ತೆಗೆ ಕಂಡಿತು.

"ಬೇಗ ಒಳಗೆ ಹೋಗಿ ಮಲ್ಕೊಳ್ಳಿ!"

"ಯಾಕೆ?"

"ನಿಮಗೆ ಜ್ವರ!"

ಜ್ವರದ ಸುದ್ದಿ ಮಾವನಿಗೆ ತಿಳಿದದ್ದೇ ಆಗ. ನಾನು ಚಾಪೆ ಹಾಸಿ, ಆ ಸೆಕೆಯಲ್ಲಿ ಕಂಬಳಿ ಹೊದೆಸಿ, ಒಲೆಯ ಮೇಲೆ ಕಷಾಯಕ್ಕಿಟ್ಟೆ. ಭಾವ ಬಂದು ಹಣೆ ಮುಟ್ಟಿ ನೋಡಿದರು. "ಬೆವರು ಧಾರಾಳ ಬಂದಿದೆ ಭಾವ. ಇನ್ನು ಜ್ವರ ಬಿಡ್ತದೆ."

ಮಾವ ಸಣ್ಣಗೆ ನರಳಿದರು. ನಾನು ಕೊಟ್ಟ ಕಹಿ ಕಷಾಯವನ್ನು ಕಣ್ಣು ಮುಚ್ಚಿ ಪೂರಾ ಕುಡಿಯಬೇಕಾಯಿತು.

"ಅವತ್ತು ಅವಸರದಲ್ಲಿ ದಾರಿಯಲ್ಲೇ ಹೇಳಿಬಿಟ್ಟೆ, ಮನಸ್ಸಿಗೆ ಸರಿ ಕಾಣ್ಲಿಲ್ಲ" ಎಂದರು ಭಾವ. "ಬರುವ ಸೋಮವಾರ ಮಗಳು ಅಳಿಯ ಊಟಕ್ಕೆ ಬರ್ತಾರೆ. ನೀವು ಇರ್ಲೇಬೇಕು. ಅದನ್ನು ಹೇಳ್ಲಿಕ್ಕೇ ನಾವಿಬ್ರೂ ಬಂದದ್ದು."

ಮಾವ ಕಂಬಳಿ ಒದ್ದು ಎದ್ದು ಕೂತರು. "ಇವಳೇ, ಬೆಲ್ಲ ನೀರು ತಾ! ಕಾಫಿಗೂ ಇಡು!"

ಭಾವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾವ ಮಾತ್ರ ನನ್ನ ಕಡೆ ತಿರುಗಿ ಗಂಭೀರವಾಗಿ, "ಭಾರೀ ಒಳ್ಳೆ ಕಷಾಯ ಮಾರಾಯ್ತಿ" ಎಂದರು.

ಸೋಮವಾರ ಮಾವ ಜರಿಶಾಲು ಹೊದ್ದು ಬೆಳಗ್ಗಿನ ಮೊದಲ ಬಸ್ಸಿಗೇ ಹೊರಟುಬಿಟ್ಟರು. ಅತ್ತೆ ಇನ್ನೂ ತಲೆ ಬಾಚುತ್ತಿದ್ದರು. ಅವರು ಮುಂದಿನ ಬಸ್ಸಿನಲ್ಲಿ ಹೋದರು.