ರೇಡಿಯೋ ಮಳೆ ಅಂದರೆ ಅಪ್ಪನಿಗೆ ಬಿಸಿಲು

ಇವತ್ತು ಮಗಳ ರೇನ್‌ಕೋಟ್ ಬಿಡಿಸಿದಾಗ ಬಂದ ರಬ್ಬರ್ ವಾಸನೆ ನನ್ನನ್ನು ಸೀದಾ ಅಪ್ಪನ ಹಳೆಯ ಸ್ಕೂಟರ್ ಮೇಲೆ ಕೂರಿಸಿತು.

ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಹವಾಮಾನ ವರದಿಯನ್ನು ಶ್ರದ್ಧೆಯಿಂದ ಕೇಳುತ್ತಿದ್ದೆವು, ಉಲ್ಟಾ ನಡೆದುಕೊಳ್ಳಲು. ರೇಡಿಯೋ ಒಣಹವೆ ಎಂದರೆ ಅಪ್ಪ ಛತ್ರಿ ಹಿಡಿಯುತ್ತಿದ್ದರು. ಮಳೆ ಎಂದರೆ ಅಮ್ಮನಿಗೆ ಹಪ್ಪಳ ಒಣಹಾಕಲು ಹೇಳುತ್ತಿದ್ದರು. ದುರದೃಷ್ಟಕ್ಕೆ ಹಪ್ಪಳ ಒಮ್ಮೆಯೂ ನೆನೆದಿರಲಿಲ್ಲ.

ಆ ದಿನ ರೇಡಿಯೋ ಮಳೆ ಎಂದಿತು. ಅಪ್ಪ ನನ್ನನ್ನೂ ಉಬ್ಬಸದ ತಂಗಿ ಸುಮಾಳನ್ನೂ ಸ್ಕೂಟರ್ ಮೇಲೆ ಕೂರಿಸಿಕೊಂಡು ಹರಿಹರದ ಅತ್ತೆ ಮನೆಗೆ ಹೊರಟರು. ಅಮ್ಮ ರೇನ್‌ಕೋಟ್ ತಂದರೆ, "ಬ್ಯಾಡ ಬಿಡು, ರೇಡಿಯೋದಾಗ ಮಳೆ ಅಂದಾರೆ, ಇನ್ನೆಲ್ಲಿ ಬರ್ತೈತೆ!" ಎಂದು ನಕ್ಕರು.

ಅರ್ಧ ದಾರಿಯಲ್ಲಿ ಸುರಿಯಿತು. ನಿಲ್ಲಲು ಒಂದು ಸೂರೂ ಇರಲಿಲ್ಲ. ಅಪ್ಪನ ಮತ್ತು ನನ್ನ ನಡುವೆ ಕೂತಿದ್ದ ಸುಮಾಳ ಎದೆಯೊಳಗೆ ಸೀಟಿ ಊದಿದ ಸದ್ದು. "ಅಪ್ಪಾ, ಉಸ್ರು ಬರ್ತಿಲ್ಲ" ಎಂದಳು. ಆಮೇಲೆ ಅಷ್ಟು ಹೇಳಲೂ ಉಸಿರಿರಲಿಲ್ಲ. ಸ್ಕೂಟರ್ ಕೂಡ ಕೆಮ್ಮಿ ನಿಂತಿತು. ತಮಾಷೆಯಿಲ್ಲದೆ ಬಾಯಿ ತೆರೆಯದ ಅಪ್ಪ ರಸ್ತೆ ಮಧ್ಯೆ ಕೈ ಚಾಚಿ, "ನಿಲ್ಸ್ರೀ ಯಾರಾದ್ರೂ, ನನ್ ಮಗಳ್ರೀ!" ಎಂದು ಕಿರುಚಿದರು. ಎರಡು ಲಾರಿ ನೀರು ಹಾರಿಸಿಕೊಂಡು ಹೋದವು.

ಮೂರನೆಯದರ ಚಾಲಕ ನಿಲ್ಲಿಸಿದ. "ಮೊದ್ಲು ಒದ್ದೆ ಬಟ್ಟೆ ಬಿಚ್ರಿ" ಎಂದು ಅವಳಿಗೆ ತನ್ನ ಒಣ ಲುಂಗಿ ಸುತ್ತಿ ಆಸ್ಪತ್ರೆ ಮುಟ್ಟಿಸಿದ. ಸುಮಾ ಉಳಿದಳು.

ಈಗ ಫೋನ್ ಮೂರು ಗಂಟೆಗೆ ಮಳೆ ಎನ್ನುತ್ತಿದೆ. ಹೊರಗೆ ಚುರುಗುಟ್ಟುವ ಬಿಸಿಲು. ತನ್ನ ಸುಮಾ ಅತ್ತೆಯಂತೆಯೇ ಉಬ್ಬಸದ ನನ್ನ ಮಗಳಿಗೆ ಹರಿಹರಕ್ಕೆ ಹೋಗುವ ಹಟ. "ಅಜ್ಜಾ, ಒಂದು ಮೋಡಾನೂ ಇಲ್ಲ, ನೋಡು!" ಎನ್ನುತ್ತಾಳೆ.

ಅಪ್ಪ ನೋಡುತ್ತಿಲ್ಲ. ನನ್ನ ಸ್ಕೂಟರ್ ಕೀಲಿಕೈ ಮೇಲೆ ಕುಳಿತಿದ್ದಾರೆ.