ಪಿಸುಗೋಡೆಯ ಆಚೆ ತುದಿ

"ಎಲ್ಲ ಊರಲ್ಲೂ ಗೋಡೆಗೆ ಕಿವಿ ಇರುತ್ತೆ. ನಮ್ಮ ಗೋಡೆಗೆ ಬಾಯೀನೂ ಇದೆ."

ಕೋಟೆ ತಾತನ ಮಾತು ಶುರುವಾಗುತ್ತಿದ್ದದ್ದೇ ಹೀಗೆ. ಕೇಳಿದವರು ನಗಲಿ, ಬಿಡಲಿ, ತಾವೇ ಮೊದಲು ನಕ್ಕು ಉಳಿದವರಿಗೆ ದಾರಿ ಮಾಡಿಕೊಡುತ್ತಿದ್ದರು.

ಎಲೆ ಕೆಂಪಾಗುವ ಕಾಲ ಬಂತೆಂದರೆ ಆ ಕಣಿವೆಗೆ ಜನವೋ ಜನ. ಹೊಳೆಯ ಮೇಲಿನ ಕಲ್ಲುಸೇತುವೆ, ಎಂದೋ ನಿಂತುಹೋದ ನೀರಿನ ಗಿರಣಿ, ರಸ್ತೆಯ ಎರಡೂ ಬದಿ ಬೆಂಕಿ ಹೊತ್ತಿಕೊಂಡಂತೆ ನಿಂತ ಮರಗಳು, ಕೊನೆಗೆ ಗುಡ್ಡದ ಮೇಲಿನ ಹಾಳು ಕೋಟೆ. ಬಸ್ಸಿನಲ್ಲಿ ಬಂದವರು ಇಷ್ಟನ್ನೂ ಒಂದೇ ದಿನದಲ್ಲಿ ನೋಡಿ, ಒಣಗಿದ ಎಲೆಯೊಂದನ್ನು ಪರ್ಸಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಎಲೆ ಉದುರಿ ಮುಗಿದರೆ ಜನವೂ ಉದುರಿದಂತೆ. ಆಮೇಲೆ ಕೋಟೆ ಹತ್ತುವವರೆಂದರೆ ಆಡುಗಳು ಮತ್ತು ಪ್ರೇಮಿಗಳು.

ತಾತ ಹುಟ್ಟಾ ಗೈಡಲ್ಲ, ಗಾರೆ ಕೆಲಸದವರು. ಹರೆಯದಲ್ಲಿ ಕೋಟೆಯ ದುರಸ್ತಿಗೆಂದು ಬಂದಿದ್ದರು. ಗುಂಡಗಿನ ಪಡಸಾಲೆಯ ಬಿರುಕಿಗೆ ಸುಣ್ಣ ಮೆತ್ತುತ್ತಿದ್ದಾಗ ಯಾರೋ ಕಿವಿಯಲ್ಲೇ ಮೇಸ್ತ್ರಿಯನ್ನು ಬೈದಂತಾಯಿತು. ತಿರುಗಿ ನೋಡಿದರೆ ಹತ್ತಿರ ನರಪಿಳ್ಳೆಯಿಲ್ಲ. ಬೈದವನು ಪಡಸಾಲೆಯ ಆಚೆ ತುದಿಯಲ್ಲಿದ್ದ, ನಡುವಿನ ದಪ್ಪ ಕಂಬದ ಮರೆಯಲ್ಲಿ. ಗೋಡೆಗೆ ಮುಖವಿಟ್ಟು ಈ ತುದಿಯಲ್ಲಿ ಪಿಸುಗುಟ್ಟಿದ್ದು ಬಾಗಿದ ಗೋಡೆಯುದ್ದಕ್ಕೂ ಜಾರಿ ಆ ತುದಿಗೆ ಮುಟ್ಟುತ್ತದೆ, ನಡುವೆ ನಿಂತವರಿಗೆ ಒಂದಕ್ಷರವೂ ಕೇಳುವುದಿಲ್ಲ. ದುರಸ್ತಿ ಮುಗಿದು ಜೊತೆಯವರೆಲ್ಲ ಗಂಟುಮೂಟೆ ಕಟ್ಟಿದರೂ ತಾತ ಅಲ್ಲೇ ಉಳಿದರು. ಪಿಸುಗೋಡೆ ಎಂದು ಹೆಸರಿಟ್ಟವರೂ ಅವರೇ. "ಮೊದಲು ಗೋಡೆ ಕಟ್ಟಿಕೊಂಡರು, ಆಮೇಲೆ ನನ್ನನ್ನು" ಎಂದು ಹೆಂಡತಿ ಬದುಕಿರುವವರೆಗೂ ಆಡಿಕೊಂಡಿದ್ದಳು.

ಮಗಳಿಗೂ ಅದೇ ಕೆಲಸ ಬಂತು. ಬಸ್ಸಿನವರ ಬಾಯಲ್ಲಿ ಅವಳು ಗೈಡಮ್ಮ. ಅವಳು ಗುಂಪನ್ನು ಕರೆತಂದು ಈ ತುದಿಯಲ್ಲಿ ನಿಲ್ಲಿಸುವುದು, ಅಪ್ಪ ಆ ತುದಿಯ ಮೆಟ್ಟಿಲಿನ ಮೇಲೆ ಕೂತು ಉತ್ತರ ಕೊಡುವುದು. ಬಾಗಿಲು ಅವರ ಪಕ್ಕದಲ್ಲೇ ಇದ್ದುದರಿಂದ ಒಳಬರುವಾಗಲೇ ಒಬ್ಬೊಬ್ಬರನ್ನೂ ನೋಡಿಟ್ಟುಕೊಳ್ಳುತ್ತಿದ್ದರು. ಯಾವುದಾದರೂ ಮಗು ಗೋಡೆಗೆ ಬಾಯಿಟ್ಟು "ಹಲೋ" ಎಂದರೆ, "ಕೆಂಪು ಟೋಪಿ, ನಿನ್ನ ಶೂ ಲೇಸು ಬಿಚ್ಚಿದೆ" ಎಂದು ಗೋಡೆ ಹೇಳುತ್ತಿತ್ತು. ಮಗು ಬೆಚ್ಚಿ ಕಾಲು ನೋಡಿಕೊಳ್ಳುತ್ತಿತ್ತು. ಗುಂಪಿಗೆ ಗುಂಪೇ ನಗುತ್ತಿತ್ತು.

ವಯಸ್ಸಾದ ಮೇಲೆ ಅದೇ ಮಾತು ಹದ ತಪ್ಪತೊಡಗಿತು. ಕೆಂಪು ಟೋಪಿಯ ಮಗುವಿಲ್ಲದ ಗುಂಪಿಗೂ ಕೆಂಪು ಟೋಪಿಯೇ. ಮೇಸ್ತ್ರಿಯ ಕಥೆ ಒಂದೇ ಗುಂಪಿಗೆ ಎರಡು ಸಲ. ಈಗ ಜನ ನಗುತ್ತಿದ್ದ ರೀತಿ ಬೇರೆ, ಅದು ಗೈಡಮ್ಮನಿಗೆ ತಿಳಿಯುತ್ತಿತ್ತು. ಅಪ್ಪನಿಗೆ ತಿಳಿಯುತ್ತಿರಲಿಲ್ಲ, ಅಥವಾ ಹಾಗೆಂದು ಅವಳು ಅಂದುಕೊಂಡಿದ್ದಳು.

ಆ ವರ್ಷ ಎಲೆಗಾಲದ ಕೊನೆಯ ಭಾನುವಾರ. ಗೈಡಮ್ಮನ ಕೂಸು ಪುಟ್ಟಿಗೆ ಹಲ್ಲು ಬರುವ ಜ್ವರ, ಅವಳಿಗೆ ನಿದ್ದೆಯಿಲ್ಲ. ಬಸ್ಸು ಓಡಿಸುವ ಗಂಡ ಎರಡು ದಿನದಿಂದ ಮನೆಗೆ ಬಂದಿರಲಿಲ್ಲ. ಸಾಲದ್ದಕ್ಕೆ, ಎರಡು ಗುಂಪುಗಳ ನಡುವೆ ಚಹಾಕ್ಕೆಂದು ಹೋದ ಅಪ್ಪ ಯಾರ ಜೊತೆಗೋ ಮಾತಿಗೆ ಕೂತು ಗುಂಪನ್ನು ಕಾಯಿಸಿದ್ದರು. "ಅಪ್ಪ, ಇನ್ನು ಆ ಜಾಗ ಬಿಟ್ಟು ಏಳಬೇಡಿ" ಎಂದು ಅವಳು ಜನರೆದುರೇ ಸಿಡುಕಿದ್ದಳು.

ಮಧ್ಯಾಹ್ನ ಪಡಸಾಲೆ ಖಾಲಿಯಾಗಿತ್ತು. ಟಿಕೆಟ್ಟು ಕೊಡುವ ಅಕ್ಕ ನೀರಿನ ಬಾಟಲಿ ಹಿಡಿದು ಬಂದಳು. ಕಾಲು ಸೋತಿದ್ದ ಗೈಡಮ್ಮ ತನ್ನ ಮಾಮೂಲಿ ಜಾಗದಲ್ಲೇ ತಣ್ಣನೆಯ ಗೋಡೆಗೆ ಕೆನ್ನೆ ಒರಗಿಸಿ ನಿಂತಿದ್ದಳು. ಮುಂದಿನ ವರ್ಷವೂ ಆ ತುದಿಗೆ ತಾತನೇನಾ ಎಂದು ಅಕ್ಕ ವಿಚಾರಿಸಿದಳು.

"ಎಲ್ಲಿ ಅಕ್ಕ," ಎಂದಳು ಗೈಡಮ್ಮ, "ಹೇಳಿದ್ದೇ ಹೇಳ್ತಾರೆ. ಜನ ನಗ್ತಾರೆ, ನನಗೆ ತಲೆ ಎತ್ತೋಕಾಗಲ್ಲ. ಮನೇಲಿದ್ರೆ ಮಗು ನೋಡ್ಕೊಳ್ಳೋಕಾದ್ರೂ ಉಪಯೋಗಕ್ಕೆ ಬರ್ತಾರೆ."

ಅಷ್ಟರಲ್ಲಿ ಮುಂದಿನ ಗುಂಪು ಒಳಗೆ ಬಂತು. ಅವಳು ಮೈ ಕೊಡವಿಕೊಂಡು ಹಳೆಯ ಪಾಠ ಒಪ್ಪಿಸಿದಳು. ಒಬ್ಬ ಗಿಡ್ಡ ಮನುಷ್ಯ ಮುಂದೆ ಬಂದು ಗೋಡೆಗೆ ಬಾಯಿಟ್ಟು, "ಅಲ್ಲಿ ಯಾರಿದೀರಿ?" ಎಂದ.

ಈ ಸಲ ಗೋಡೆ ಕೆಂಪು ಟೋಪಿಯ ಮಾತೆತ್ತಲಿಲ್ಲ. ಇಷ್ಟೇ ಹೇಳಿತು: "ಯಾರೂ ಇಲ್ಲ."

ಗುಂಪು ಗೊಳ್ಳೆಂದಿತು. ಗೈಡಮ್ಮನೂ ನಕ್ಕಳು. ಅಂತೂ ಅಪ್ಪ ಒಂದು ಹೊಸ ಜೋಕು ಕಂಡುಹಿಡಿದರಲ್ಲ ಎಂದು ಸಮಾಧಾನವೂ ಆಯಿತು.

ಮಾರನೆಯ ವರ್ಷ ಎಲೆ ಕೆಂಪಾಗುವ ಮೊದಲೇ ಅಪ್ಪ ತಾವಾಗಿಯೇ ಹೇಳಿದರು, ಮಂಡಿ ಹಿಡಿದುಕೊಂಡಿದೆ, ಗುಡ್ಡ ಹತ್ತೋಕಾಗಲ್ಲ ಎಂದು. ಮಂಡಿ ಹಿಡಿದುಕೊಂಡವರು ಪುಟ್ಟಿಯನ್ನು ಹೆಗಲ ಮೇಲೆ ಹೊತ್ತು ಮಹಡಿ ಮೆಟ್ಟಿಲು ಹತ್ತಿ ಇಳಿಯುವುದನ್ನು ಗೈಡಮ್ಮ ದಿನವೂ ನೋಡುತ್ತಿದ್ದಳು. ನೋಡಿಯೂ ಕೇಳಲಿಲ್ಲ. ಕೇಳದೆ ಇರುವುದೇ ಅನುಕೂಲವಾಗಿತ್ತು. ಮಗು ಹೊತ್ತಿಗೆ ಸರಿಯಾಗಿ ಉಣ್ಣುತ್ತಿತ್ತು, ಮಲಗುತ್ತಿತ್ತು. ಬಟ್ಟೆ ಮಡಿಸಿಟ್ಟಿರುತ್ತಿತ್ತು. ಕೋಟೆಯಲ್ಲಿ ಗುಂಪನ್ನೇ ಎರಡು ಪಾಲು ಮಾಡಿ ಎರಡೂ ತುದಿಗೆ ನಿಲ್ಲಿಸಿದರೆ ಕೆಲಸ ನಡೆಯುತ್ತಿತ್ತು. ಆ ಚಳಿಗಾಲದಲ್ಲಿ ಅಪ್ಪನ ನೆಗಡಿ ಕಿವಿಗಿಳಿದು, ಕಿವಿ ಮಂದವಾಯಿತು. ಬಾಗಿಲು ತಟ್ಟಿದ್ದು ಕೇಳದೆ ಹಾಲಿನವನು ಬೈದು ಹೋಗತೊಡಗಿದ.

ಹೀಗೇ ಎಲೆಗಳು ಮೂರು ಸಲ ಕೆಂಪಾಗಿ ಉದುರಿದವು. ನಾಲ್ಕನೆಯ ಸಲ, ಒಂದು ಮಧ್ಯಾಹ್ನ, ಅವಳು ಅದೇ ಜಾಗದಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಕಿವಿಯೊಳಗೇ ಒಂದು ಹೆಂಗಸಿನ ದನಿ ಬಂತು: "ನಿಮ್ಮ ಕಾಲುಚೀಲ ತೂತಾಗಿದೆ. ನಮ್ಮಕ್ಕನ ಮನೇಲಿ ಶೂ ಬಿಚ್ಚಬೇಡಿ, ಮರ್ಯಾದೆ ಹೋಗುತ್ತೆ."

ಗೈಡಮ್ಮನಿಗೆ ನಗು ಬಂತು. ಕಂಬ ಬಳಸಿ ಹೋಗಿ ನೋಡಿದರೆ ಆ ತುದಿಯ ಮೆಟ್ಟಿಲಿನ ಮೇಲೆ ಒಬ್ಬ ಹೆಂಗಸು ಗೋಡೆಗೊರಗಿ ಕೂತು ಕಿತ್ತಳೆ ಸುಲಿಯುತ್ತಿದ್ದಳು, ಪಕ್ಕದಲ್ಲಿ ಗಂಡ. ಅಪ್ಪ ಕೂರುತ್ತಿದ್ದ ಮೆಟ್ಟಿಲು. ಆ ಜಾಗ ಬಿಟ್ಟು ಏಳಬೇಡಿ ಎಂದು ತಾನು ಕೂರಿಸಿದ್ದ ಮೆಟ್ಟಿಲು.

ನಗು ಅಲ್ಲೇ ನಿಂತಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗುವುದಾದರೆ ಚಿಂತೆಯಿರಲಿಲ್ಲ, ಅಂದು ಟಿಕೆಟ್ಟಿನ ಅಕ್ಕನೊಡನೆ ಆಡಿದ ಮಾತು ನೇರ ಈ ಮೆಟ್ಟಿಲಿಗೇ ಬಂದು ಮುಟ್ಟಿತ್ತು. ದಿನಕ್ಕೆ ಹತ್ತು ಸಲ ಬಂದವರಿಗೆಲ್ಲ ತೋರಿಸಿಕೊಟ್ಟದ್ದು ತನಗೇ ಹೊಳೆಯದೆ ಹೋಗಿತ್ತು.

ಅಂದು ಮನೆಗೆ ಬಂದಾಗ ಅಪ್ಪ ಪುಟ್ಟಿಗೆ ಜಡೆ ಹಾಕುತ್ತಿದ್ದರು. ಅವಳು ಚೀಲ ಇಳಿಸಿದಳು, ಒಲೆ ಹಚ್ಚಿದಳು, ಹಚ್ಚಿದ್ದನ್ನು ಆರಿಸಿದಳು. ಕಡೆಗೆ ಎದುರು ಕೂತು ದನಿಯೇರಿಸಿ ಕೇಳಿದಳು, "ಅಪ್ಪ, ನಾಳೆ ಕೋಟೆಗೆ ಬರ್ತೀರಾ? ಆ ತುದೀಲಿ ಯಾರೂ ಇಲ್ಲ."

ಅಪ್ಪ ರಿಬ್ಬನ್ನಿನ ಗಂಟು ಬಿಗಿ ಮಾಡಿದರು. "ಇಲ್ಲಿ ಉಪಯೋಗಕ್ಕೆ ಬರ್ತಾ ಇದೀನಲ್ಲ, ಬಿಡು" ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ಎಲೆಗಾಲ ಮುಗಿದ ಮೇಲೆ, ಗೋಡೆ ಮಾತಾಡುವುದನ್ನು ನೋಡಬೇಕೆಂದು ಪುಟ್ಟಿ ಹಠ ಹಿಡಿದಳು. ಮೊಮ್ಮಗಳ ಮಾತನ್ನು ತಾತ ತೆಗೆದುಹಾಕಲಿಲ್ಲ. ಮೂವರೂ ಹತ್ತಿದರು. ಕೋಟೆಯಲ್ಲಿ ಬೇರೆ ಜನರಿರಲಿಲ್ಲ, ಟಿಕೆಟ್ಟಿನ ಅಕ್ಕ ಅಂಗಳದ ಎಲೆ ಗುಡಿಸುತ್ತಿದ್ದಳು. ತಾತನೂ ಪುಟ್ಟಿಯೂ ಆ ತುದಿಗೆ ಹೋದರು. ಮನೆಯಲ್ಲಿ ಬಾಯಿಗೆ ಬರದ ಮಾತನ್ನು ಗೋಡೆಯ ಕೈಗೆ ಕೊಟ್ಟುಬಿಡೋಣವೆಂದು ಗೈಡಮ್ಮ ಹಾದಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಗೋಡೆಗೆ ಬಾಯಿಟ್ಟು ಹೇಳಿದಳು, "ಅಪ್ಪ, ಅವತ್ತು ನಾನು ಹೇಳಿದ್ದು ತಪ್ಪಾಯ್ತು."

ಉತ್ತರ ಬಂತು, ಪುಟ್ಟಿಯ ದನಿಯಲ್ಲಿ: "ಅಮ್ಮ, ತಾತ ಹೊರಗೆ ಹೋದ್ರು. ಅವರಿಗೆ ಇದು ಕೇಳಿಸಲ್ವಂತೆ. ನೀನು ಏನು ತಪ್ಪು ಮಾಡಿದೆ?"

ಅಪ್ಪ ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಪುಟ್ಟಿಯನ್ನು ಕರೆದುಕೊಂಡು ಬಂದು ಅವಳು ಪಕ್ಕದಲ್ಲಿ ಕೂತಳು. ಪಿಸುಮಾತಿನಲ್ಲಿ ಆಡಿದ್ದನ್ನು ಈಗ ಕೂಗಿ ವಾಪಸು ತೆಗೆದುಕೊಳ್ಳಬೇಕಾಗಿತ್ತು. ಒಂದು ಸಲ ಹೇಳಿದಳು. ಅಪ್ಪ ಕಿವಿಗೆ ಕೈ ಇಟ್ಟು "ಏನು?" ಎಂದರು. ಇನ್ನೊಂದು ಸಲ ಹೇಳಿದಳು. ಅಕ್ಕನ ಪೊರಕೆ ನಿಂತಿತು. ಮೂರನೆಯ ಸಲಕ್ಕೆ ದನಿ ಗುಡ್ಡದ ಕೆಳಗಿನವರೆಗೂ ಹೋಗಿರಬೇಕು: "ಅವತ್ತು ಹಾಗಂದಿದ್ದು ತಪ್ಪಾಯ್ತು ಅಪ್ಪ."

ಅಪ್ಪ ಕಾಲಬಳಿಯ ಒಂದು ಎಲೆಯನ್ನೆತ್ತಿ ತೊಟ್ಟು ಹಿಡಿದು ತಿರುಗಿಸಿ ನೋಡಿದರು.

"ಹೇಳಿದ್ದೇ ಹೇಳ್ತೀಯಲ್ಲ ಕಣೇ" ಎಂದರು.

ಕ್ಷಮಿಸಿದ್ದೋ, ಚುಚ್ಚಿದ್ದೋ, ನಿಜಕ್ಕೂ ಮೊದಲ ಸಲವೇ ಕೇಳಿಸಿತ್ತೋ ಎಂದು ಅವಳು ಮುಖ ನೋಡಿದಳು. ಅಪ್ಪನ ಕಣ್ಣು ಆ ಎಲೆಯ ಮೇಲೇ ಇತ್ತು. ಆಮೇಲೆ ಅವರು ಎಲೆಯನ್ನು ಪುಟ್ಟಿಯ ಕೈಗೆ ಕೊಟ್ಟು, ಅವಳ ಇನ್ನೊಂದು ಕೈ ಹಿಡಿದುಕೊಂಡು ಎದ್ದರು. ಪಡಸಾಲೆ ಹಾದು ಆಚೆ ಬಾಗಿಲಿನಿಂದ ಹೋದರೆ ಇಳಿಜಾರಿನ ದಾರಿ ಹತ್ತಿರ. ತಾತ ಕೋಟೆಯನ್ನು ಹೊರಗಿನಿಂದ ಬಳಸಿ, ಸುತ್ತು ದಾರಿಯಲ್ಲೇ ಇಳಿದರು.